ಪೂಜೆಗೆ ಇಡದ ಪುಸ್ತಕ

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಶಿರ್ತಾಡಿಯ ಶಾಲೆಯಲ್ಲಿ ಮೇಷ್ಟ್ರು. ಮನೆ ಮೂಡಬಿದ್ರೆಯ ಪೇಟೆಯಲ್ಲಿ. ಬಸದಿಗಳ ಊರಿನಲ್ಲಿದ್ದುಕೊಂಡು ನನಗೆ ಹಿಡಿದದ್ದು ಇಟಲಿಯ ಹುಚ್ಚು. ಐನೂರು ವರ್ಷ ಹಿಂದಿನ ಅಲ್ಲಿನ ದೊರೆಗಳು, ವ್ಯಾಪಾರಿಗಳು, ಚಿತ್ರಕಾರರು. ಅವರ ಕುರಿತ ಪುಸ್ತಕಗಳನ್ನು ಮಂಗಳೂರಿನ ಹಳೆ ಪುಸ್ತಕದ ಅಂಗಡಿಯಿಂದ ತಂದು ತಂದು, ಸೀಮೆಎಣ್ಣೆ ಡಬ್ಬಿ ಬರುತ್ತಿದ್ದ ಎರಡು ಮರದ ಪೆಟ್ಟಿಗೆ ತುಂಬಿಸಿದ್ದೆ. ಯಾರು ಮುಟ್ಟಿದರೂ ನನಗೆ ಆಗುತ್ತಿರಲಿಲ್ಲ.

ನವರಾತ್ರಿಯಲ್ಲಿ ಮಾತ್ರ ನನ್ನ ಆಟ ನಡೆಯುತ್ತಿರಲಿಲ್ಲ. ಮೂಲಾ ನಕ್ಷತ್ರದ ದಿನ ಅಮ್ಮ ಅಷ್ಟೂ ಪುಸ್ತಕಗಳನ್ನು ಶಾರದೆಯ ಮುಂದೆ ಪೇರಿಸುತ್ತಿದ್ದಳು. ವಿಜಯದಶಮಿಯವರೆಗೆ ಮನೆಯಲ್ಲಿ ಯಾರೂ ಓದುವಂತಿಲ್ಲ. ಅಮ್ಮನಿಗೆ ಅಕ್ಷರ ಬಾರದು, ಆದರೆ ಈ ಕಟ್ಟಳೆಯಲ್ಲಿ ಅವಳದ್ದೇ ಮಾತು. ಆ ವರ್ಷ ನಾನು ಒಂದು ದಪ್ಪ ಪುಸ್ತಕದ ನಡುವಿನಲ್ಲಿದ್ದೆ. ಹಂತಕರು ಕತ್ತಿ ಅಡಗಿಸಿಕೊಂಡು ಇಗರ್ಜಿಯೊಳಗೆ ಬಂದಿದ್ದಾರೆ, ಅಣ್ಣತಮ್ಮಂದಿರಿಬ್ಬರು ಪ್ರಾರ್ಥನೆಗೆ ನಿಂತಿದ್ದಾರೆ. ಅಲ್ಲಿಗೆ ಪುಸ್ತಕ ಪೂಜೆಗೆ ಹೋಯಿತು. ಶಾಲೆಗೆ ರಜೆ ಬೇರೆ. ಬಸ್‌ಸ್ಟ್ಯಾಂಡಿಗೆ ಹೋದೆ, ಬಂದೆ, ಮತ್ತೆ ಹೋದೆ. ಕಡಲೆ ಕಟ್ಟಿದ ಕಾಗದ ಬಿಡಿಸಿ ಓದುತ್ತಿದ್ದರೆ ಅಮ್ಮ ಅದನ್ನೂ ಕಿತ್ತುಕೊಂಡಳು. "ಅದೂ ಅಕ್ಷರವೇ ಅಲ್ವಾ?"

ಮರುದಿನ ಅವಳು ನೀರಿಗೆ ಹೋದದ್ದೇ ತಡ, ರಾಶಿಯಿಂದ ಆ ಪುಸ್ತಕ ಎಳೆದುಕೊಂಡೆ. ಅದು ತಾನಾಗಿಯೇ ಬಣ್ಣದ ಚಿತ್ರವೊಂದಕ್ಕೆ ತೆರೆದುಕೊಂಡಿತು: ನೀಲಿ ಸೆರಗು ಹೊದ್ದ ತಾಯಿ, ತೊಡೆಯ ಮೇಲೆ ಮಗು. ಇಬ್ಬರ ಹಣೆಗೂ ದಪ್ಪನೆಯ ಕುಂಕುಮ. ಎದುರಿನ ಪುಟಕ್ಕೂ ಹತ್ತಿತ್ತು.

ಸಿಟ್ಟು ನೆತ್ತಿಗೇರಿತು. ಅಮ್ಮ ಸೊಂಟದ ಕೊಡಪಾನ ಇಳಿಸುವ ಮೊದಲೇ ಬಾಯಿಗೆ ಬಂದದ್ದೆಲ್ಲ ಅಂದೆ. ಓದಲು ಬಾರದವಳಿಗೆ ಪುಸ್ತಕದ ಬೆಲೆ ಏನು ಗೊತ್ತು ಅಂತಲೂ ಅಂದೆ.

"ನೀನು ಶಾಲೆಗೆ ಹೋದ ಮೇಲೆ ದಿನಾ ಅದನ್ನು ನೋಡ್ತೇನೆ ಮಗಾ," ಅಂದಳು. "ನಿನ್ನ ಅಷ್ಟು ಪುಸ್ತಕದಲ್ಲಿ ನನಗೆ ಅರ್ಥ ಆಗುವುದು ಅದೊಂದೇ. ಹಬ್ಬದ ದಿನ ಬೋಳು ಹಣೆ ಯಾಕೆ ಅಂತ ಇಟ್ಟೆ."

ನಾನು ಅದಕ್ಕೂ ಸುಮ್ಮನಾಗಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ನವರಾತ್ರಿಗೆ ಅಮ್ಮ ಎಲ್ಲ ಪುಸ್ತಕ ಒಯ್ದಳು, ಅದೊಂದನ್ನು ಪೆಟ್ಟಿಗೆಯಲ್ಲೇ ಬಿಟ್ಟಳು. ನಾನೇ ಎತ್ತಿ, ಚಿತ್ರದ ಪುಟ ತೆರೆದು ಅವಳ ಮುಂದೆ ಹಿಡಿದೆ.

"ಬೇಡ, ಹಾಳಾದೀತು. ನೀನು ಓದು," ಅಂದಳು. ಮಾತಿನಲ್ಲಿ ಕೋಪ ಇರಲಿಲ್ಲ.

ವಿಜಯದಶಮಿಯವರೆಗೂ ಪುಸ್ತಕ ನನ್ನ ಕೈಯಲ್ಲೇ ಇತ್ತು, ತಡೆಯುವವರು ಯಾರೂ ಇರಲಿಲ್ಲ. ಒಂದು ಪುಟವೂ ಓದಲಾಗಲಿಲ್ಲ.