ಕಟ್ಟಿಗೆಯ ದಪ್ಪಕ್ಷರ

ಗೋಕಾಕದ ನಮ್ಮ ಛಾಪಖಾನೆಯಲ್ಲಿ ಒಂದು ಪೆಟ್ಟಿಗೆ ತುಂಬ ಗೇಣುದ್ದದ ಕಟ್ಟಿಗೆಯ ಅಕ್ಷರಗಳಿದ್ದವು. ಎಲ್ಲವೂ ಇಂಗ್ಲಿಷಿನವು. ಒಂದೊಂದರ ಬುಡಕ್ಕೂ ತಲೆಗೂ ಹಲಗೆಯಂಥ ದಪ್ಪ ಚಪ್ಪಟೆ ಅಂಚು. ದೂರದಿಂದಲೇ ಕಣ್ಣಿಗೆ ಹೊಡೆಯುವಂಥವು. ಮಾವನವರು ಅವನ್ನು ಕೊಲ್ಲಾಪುರದಿಂದ ತಂದಿದ್ದರು, ಸೋಮವಾರಕ್ಕೊಮ್ಮೆ ಅವಕ್ಕೆ ವಿಭೂತಿ ಹಚ್ಚುತ್ತಿದ್ದರು. ಸರ್ಕಾರದ ಹುಲ್ಲುಗಾವಲು ಹರಾಜಿಗಿಡುವ ಲಿಲಾವಿನ ನೋಟಿಸು ಅವುಗಳಲ್ಲೇ ಅಚ್ಚಾಗುತ್ತಿತ್ತು. ದನ ಕಟ್ಟಿದ ಒಬ್ಬರಿಗಾದರೂ ಅದನ್ನು ಓದಲು ಬರಬೇಕಲ್ಲ! ಅಕ್ಷರ ಜೋಡಿಸುವ ಕೆಲಸ ನನ್ನದು. ಜೋಡಿಸುವಾಗಲೆಲ್ಲ ಮೈ ಉರಿಯುತ್ತಿತ್ತು.

ಮೂಡಲಗಿಯಲ್ಲಿ ನನ್ನ ಅಣ್ಣ ರೈತರನ್ನು ಕೂಡಿಸಿಕೊಂಡು ನಾಟಕ ಆಡಿಸುತ್ತಿದ್ದ. ಹಿಂದಿನ ವರ್ಷ ಸಂಕೇಶ್ವರದಲ್ಲಿ ಆಡಿದಾಗ ನಾವು ಸಣ್ಣ ಸೀಸದ ಅಕ್ಷರಗಳಲ್ಲಿ ಅಚ್ಚು ಹಾಕಿಕೊಟ್ಟ ಹಾಳೆಯನ್ನು ಗೋಡೆಗೆ ಹಚ್ಚಿದ್ದ. ಬಾಜೂಕ್ಕೇ ಮರಾಠಿ ಕಂಪನಿಯ ದಪ್ಪಕ್ಷರದ ಜಾಹೀರಾತು. ನಮ್ಮದರತ್ತ ಯಾರು ತಿರುಗಿ ನೋಡುತ್ತಾರೆ? ತಂಬುವಿನಲ್ಲಿ ಕುಳಿತವರು ನಮ್ಮ ನೆಂಟರಷ್ಟೇ.

"ಈ ಸಲಾನೂ ಮಂದಿ ಬರ್ಲಿಲ್ಲಂದ್ರ ಪಡದೆ ಸುತ್ತಿ ಅಟ್ಟಕ್ಕ ಒಗಿತೀನಿ, ತಂಗಿ," ಎಂದ ಅಣ್ಣ.

ಕನ್ನಡಕ್ಕೂ ಅಂಥ ಅಕ್ಷರ ಬೇಕೆಂದು ಮಾವನವರನ್ನು ಕೇಳಿದೆ.

"ನಮ್ಮ ಅಕ್ಷರ ದುಂಡಗ ಅದಾವ. ದಪ್ಪ ಮಾಡಿದ್ರ ಕಡಬಿನಂಗ ಕಾಣ್ತಾವ. ಬಿಟ್ಟಬಿಡು."

ಬಿಡುವವಳೇ ನಾನು? ಅವರು ಕೌಜಲಗಿಗೆ ಹೋದ ದಿನ ಪೆಟ್ಟಿಗೆ ತೆರೆದು ಗರಗಸ ಹಿಡಿದೆ. ಓ ಅಕ್ಷರ ಸೀಳಿ ಕ, ನ, ಡ, ಟಗಳ ಹೊಟ್ಟೆ ಮಾಡಿದೆ. ಎಚ್ ಅಕ್ಷರದ ಕಾಲು ಕೊಯ್ದು, ತುದಿಯ ಚಪ್ಪಟೆ ಅಂಚು ಹಾಗೇ ಉಳಿಸಿ, ತಲೆಕಟ್ಟು ಕೂಡಿಸಿದೆ. ಮೊದಲ ಕ ಕಡುಬೇ ಆಯಿತು. ಹೊಟ್ಟೆಯೊಳಗೆ ಮಸಿ ತುಂಬಿ ಮುಚ್ಚಿಹೋಯಿತು. ಸಿಟ್ಟಿನಿಂದ ಒಲೆಗೆ ಹಾಕಿ ಇನ್ನೊಂದು ಮಾಡಿದೆ, ಉಳಿಯಿಂದ ಹೊಟ್ಟೆ ಅಗಲಿಸಿದೆ. ಸರಿಯಾಗಿ ಬಂದ ಕ ಅದೊಂದೇ. ಹಾಗಾಗಿ ಪ್ರತಿ ಹಾಳೆಯನ್ನೂ ಎರಡು ಸಲ ಒತ್ತಬೇಕಾಯಿತು. ಮೊದಲು 'ಕನ್ನಡ'. ಮಸಿ ಒಣಗಿದ ಮೇಲೆ ಅದೇ ಕ ತೆಗೆದು ಕೆಳಗೆ 'ನಾಟಕ'.

ಮಾವನವರು ಬಂದು ಪೆಟ್ಟಿಗೆ ನೋಡಿದರು.

"ಪೂಜಿ ಮಾಡೂ ಅಕ್ಷರಾ ಕೊಯ್ದಿಯಲ್ಲ! ನಾಳಿ ಸರ್ಕಾರದ ಕಾರಕೂನ ಬಂದ್ರ ಏನ ಹೇಳ್ಲಿ?"

"ಸೊಸಿ ಕೊಯ್ದಾಳ ಅಂತ ಹೇಳ್ರಿ, ಮಾವಾರ."

ಅವರು ಊಟ ಬಿಟ್ಟು ಮಲಗಿದರು. ನಾನು ಹೊಟ್ಟೆ ತುಂಬ ಉಂಡೆ.

ನಾಟಕದ ದಿನ ಹಟ ಹಿಡಿದು ಅವರನ್ನೂ ಸಂಕೇಶ್ವರಕ್ಕೆ ಕರೆದೊಯ್ದೆ. ರಸ್ತೆಯ ಆಚೆ ಬಂಡಿ ನಿಲ್ಲಿಸಿದ್ದ ರೈತನೊಬ್ಬ ನಮ್ಮ ಹಾಳೆಯತ್ತ ಬೆರಳು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ, ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಓದಿ ಮುಗಿಸಿ ಎತ್ತುಗಳನ್ನು ತಂಬುವಿನ ಕಡೆ ತಿರುಗಿಸಿದ. ಮಾವನವರು ಕೆಮ್ಮಿ ತಲೆಯ ಪಟಗಾ ಸರಿಮಾಡಿಕೊಂಡರು. ಸಂಜೆಗೆ ತಂಬು ತುಂಬಿತು. ಅಣ್ಣ ಪಡದೆಯ ಹಿಂದೆ ನಿಂತು ಅತ್ತ, ನಾನೂ ಅತ್ತೆ.

ಕೆಲವು ದಿನಗಳಲ್ಲಿ ಕಾರಕೂನ ನೋಟಿಸು ಹಿಡಿದು ಬಂದೇಬಿಟ್ಟ. ದಪ್ಪಕ್ಷರವೇ ಆಗಬೇಕೆಂದ. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾದೆ. ಅಷ್ಟರಲ್ಲಿ ಮಾವನವರು ಎದ್ದು ನನಗೂ ಅವನಿಗೂ ನಡುವೆ ಬಂದು ನಿಂತರು.

"ಇಂಗ್ಲಿಷಿನ ದಪ್ಪಕ್ಷರ ಇಲ್ರಿ ಸಾಹೇಬರ. ಕನ್ನಡದಾಗ ಬರಕೊಂಡ ಬರ್ರಿ, ಮಂದಿಗೂ ತಿಳೀತೈತಿ. ಯಾವ ಅಕ್ಷರ ಕಡಿಮಿ ಬಿದ್ರೂ ನಮ್ಮ ಸೊಸಿ ಕೊಯ್ದ ಕೊಡ್ತಾಳ."