ಎಡಮಗ್ಗುಲಿಗೆ ಏಳುತ್ತಿದ್ದ ಡಬ್ಬಿ

ಶಾಂತವ್ವ ನನಗೆ ಆ ಮಾತು ಹೇಳಿದ್ದು ಅವರ ಕೈ ಸುಡುವ ಮೊದಲೋ, ಆಮೇಲೋ ಎಂಬುದು ಬಹಳ ಕಾಲ ನನಗೆ ಖಚಿತವಿರಲಿಲ್ಲ. ಆಮೇಲೆ ಎಂದೇ ನೆನಪಿತ್ತು. ಆದರೆ ನನಗೆ ಅನುಕೂಲವಾದದ್ದನ್ನೇ ಹೇಳುವ ನೆನಪನ್ನು ನಾನು ನಂಬುವುದಿಲ್ಲ.

ಆರು ವರ್ಷದ ಹಿಂದೆ ನಾನು ಬಾಗಲಕೋಟೆಯ ಒಂದು ಸಣ್ಣ ಕಂಪನಿಯಲ್ಲಿ ಡಿಸೈನ್ ಇಂಜಿನಿಯರ್. ಸಣ್ಣ ಪೆಟ್ರೋಲ್ ಇಂಜಿನ್‌ಗಳನ್ನು ಗ್ಯಾಸಿನಲ್ಲಿ ಓಡಿಸುವ ಕಂಟ್ರೋಲ್ ಯುನಿಟ್ ತಯಾರಿಸುತ್ತಿದ್ದೆವು; ಎಲ್ಲರ ಬಾಯಲ್ಲೂ ಅದು ‘ಡಬ್ಬಿ’. ಪರೀಕ್ಷೆಗೆಂದು ಹೊರಗೆ ಕೊಟ್ಟ ಹತ್ತರಲ್ಲಿ ಒಂದು, ಕುಳಗೇರಿ ಕ್ರಾಸಿನಲ್ಲಿ ಕಬ್ಬಿನ ಹಾಲು ಮಾರುವ ಶಾಂತವ್ವನ ಗಾಣಕ್ಕೆ ಹೋಯಿತು.

ಗ್ಯಾಸನ್ನು ಯಾವ ಕ್ಷಣಕ್ಕೆ ಬಿಡಬೇಕೆಂದು ಯುನಿಟ್‌ಗೆ ತಿಳಿಯಬೇಕು. ಅಂಥ ಇಂಜಿನ್‌ನಲ್ಲಿ ಸೆನ್ಸರ್ ಇರುವುದಿಲ್ಲ. ಹಾಗಾಗಿ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ನಾಲ್ಕು ಸುತ್ತು ತಂತಿ ಸುತ್ತಿ, ಕಿಡಿ ಹಾರಿದಾಗಲೆಲ್ಲ ಒಂದು ಪಲ್ಸ್ ಪಡೆಯುತ್ತಿದ್ದೆವು. ತೊಡಕು ಅಲ್ಲೇ ಇತ್ತು. ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದು ಕಿಡಿ ಸಾಕು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಪ್ರತಿ ಸುತ್ತಿಗೂ ಒಂದು ಕೊಡುತ್ತದೆ. ಎರಡನೆಯದು ಹೊಗೆ ಹೊರಹೋಗುವಾಗ ಹಾರುವ ವ್ಯರ್ಥ ಕಿಡಿ. ನನ್ನ ಪ್ರೋಗ್ರಾಂ, ಇಂಜಿನ್ ಚಾಲೂ ಮಾಡಲು ಹಗ್ಗ ಜಗ್ಗಿದ ಮೇಲೆ ಮೊದಲು ಕಂಡ ಕಿಡಿಯನ್ನೇ ನಿಜವೆಂದು ಹಿಡಿದು, ಮುಂದೆ ಒಂದು ಬಿಟ್ಟು ಒಂದು ಎಣಿಸುತ್ತಿತ್ತು. ಆ ಮೊದಲನೆಯದೇ ವ್ಯರ್ಥದ್ದಾಗಿದ್ದರೆ? ಗ್ಯಾಸ್ ತಪ್ಪು ಹೊತ್ತಿಗೆ ಬಂದು, ಗಾಳಿ ಒಳಬರುವ ಕೊಳವೆಯಲ್ಲಿ ನಿಲ್ಲುತ್ತದೆ, ವಾಲ್ವ್ ತೆರೆಯತೊಡಗಿದಾಗ ಅದೇ ವ್ಯರ್ಥ ಕಿಡಿ ಅದಕ್ಕೆ ಬೆಂಕಿ ಹಚ್ಚುತ್ತದೆ.

ನಮ್ಮ ಬೆಂಚಿನ ಮೇಲೂ ಇಂಜಿನ್ ಆಗಾಗ ಕೆಮ್ಮುತ್ತಿತ್ತು. ನಿಲ್ಲಿಸಿ ಮತ್ತೆ ಜಗ್ಗಿದರೆ ಸರಿ. ಕಾರಣ ‘ತಣ್ಣನೆಯ ಇಂಜಿನ್’ ಎಂದು ಬರೆದು ಪಾಸು ಮಾಡಿದವನು ನಾನೇ. ಈಗ ಬರೆಯುವಾಗಲೂ ಹೇಸಿಗೆಯಾಗುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ಶಾಂತವ್ವನ ಇಂಜಿನ್ ಉಲ್ಟಾ ಹೊಡೆಯಿತು. ಏರ್ ಫಿಲ್ಟರ್ ಒಡೆದು ಬಂದ ಜ್ವಾಲೆಗೆ ಬಲಗೈ ಬೆರಳುಗಳಿಂದ ಮಣಿಕಟ್ಟಿನವರೆಗೆ ಬೆಂದಿತು. ಕಂಪನಿ ಇಂಜಿನ್ ಹೊತ್ತು ತಂದಿತು. ಮ್ಯಾನೇಜರ್ ಬರೆಸಿದ ವರದಿಯಲ್ಲಿ ‘ನಿರ್ವಾಹಕರ ಅಜಾಗರೂಕತೆ’ ಎಂದಿತ್ತು. ಕೆಳಗೆ ನನ್ನ ಸಹಿ. ಆ ಕಾಗದದ ಆಧಾರದಲ್ಲೇ ಅವರಿಗೆ ಬದಲಿ ಇಂಜಿನ್ ಕೊಡಲಿಲ್ಲ.

ಮುಂದಿನ ವಾರ, ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ನೋಡಿದೆ. ಒತ್ತಡದಲ್ಲಿ ಹಾರುವ ನಿಜವಾದ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪರದೆಯ ಮೇಲೆ ಒಂದು ಗೆರೆ ಎತ್ತರ, ಪಕ್ಕದ್ದು ಗಿಡ್ಡ. ಎತ್ತರದ್ದನ್ನೇ ಆರಿಸುವಂತೆ ಮಾಡಿದರೆ ಮುಗಿಯಿತು. ಎರಡು ದಿನದ ಕೆಲಸ. ವರದಿ ತಿದ್ದೋಣವೆಂದು ಮ್ಯಾನೇಜರ್ ಬಳಿ ಹೋದೆ.

“ಡಬ್ಬಿ ತಿದ್ದ್ರಿ, ಕಾಗದ ಯಾಕ ತಿದ್ದತೀರಿ?” ಎಂದರು. “ಆಕಿ ಕೈ ವಾಸಿ ಆಗತೈತಿ. ಕಂಪನಿ ಹೆಸರು ಹೋದ್ರ ಬರತೈತೇನು?”

ನಾನು ಡಬ್ಬಿಯನ್ನಷ್ಟೇ ತಿದ್ದಿದೆ.

ಕೆಲಸ ಬಿಟ್ಟ ಮೇಲೆ, ಹೋದ ವರ್ಷ ಬಾದಾಮಿಗೆ ಹೋಗುವಾಗ ಕುಳಗೇರಿ ಕ್ರಾಸಿನಲ್ಲಿ ಇಳಿದೆ. ಗಾಣವಿದ್ದ ಜಾಗದಲ್ಲಿ ಶಾಂತವ್ವ ಎಡಗೈಯಿಂದ ಚಹಾ ಸೋಸುತ್ತಿದ್ದರು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ.

“ಬರ್ರಿ ಡಬ್ಬಿ ಸಾಹೇಬ್ರ,” ಎಂದರು. “ಕೈ ಸುಟ್ಟದ್ದು ಹೋಗ್ಲಿ. ಅಜಾಗರೂಕ ಅಂತ ಬರದ್ರಲ್ಲ, ಇಪ್ಪತ್ತು ವರ್ಷ ಗಾಣಕ್ಕ ಕಬ್ಬು ಕೊಟ್ಟೇನಿ, ಒಂದ್ ಉಗುರು ಹೋಗಿರಲಿಲ್ಲ ನಂದು.”

ಮರುದಿನವೇ ಯುನಿಟ್‌ನ ದೋಷವನ್ನೂ ನನ್ನ ಸಹಿಯನ್ನೂ ವಿವರಿಸಿ ಒಂದು ಪತ್ರ ಬರೆದು ಅವರ ಕೈಗೆ ಕೊಟ್ಟೆ. ಅದರಿಂದ ಬೆರಳು ಮಡಚುವುದಿಲ್ಲ. ಅರ್ಧ ಸಲ ಸರಿಹೋಗುವ ಯಂತ್ರ ಪೂರ್ತಿ ಕೆಟ್ಟ ಯಂತ್ರಕ್ಕಿಂತ ಅಪಾಯಕಾರಿ, ಏಕೆಂದರೆ ಸುಳ್ಳು ಬರೆಯಲು ಅದು ನಮಗೆ ಅವಕಾಶ ಕೊಡುತ್ತದೆ. ಆ ನೌಕರಿ ನನಗೆ ಕಲಿಸಿದ್ದು ಇಷ್ಟು.

ಪತ್ರ ಬರೆಯುವ ಮುನ್ನ ಹಳೆಯ ಫೋನ್ ಹುಡುಕಿದ್ದೆ. ಇಂಜಿನ್ ವೇಗ ಅಳೆಯಲು ಅದರ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುವುದು ನನ್ನ ರೂಢಿ. ಗಾಣದ ಬಳಿ ಮಾಡಿಕೊಂಡ ಒಂದರಲ್ಲಿ ಶಾಂತವ್ವನ ದನಿ ಇದೆ: “ನಿಮ್ಮ ಡಬ್ಬಿ ಒಮ್ಮಿ ಬಲಮಗ್ಗಲಿಗೆ ಏಳತೈತಿ, ಒಮ್ಮಿ ಎಡಮಗ್ಗಲಿಗೆ. ಎಡಕ್ಕ ಎದ್ದ ದಿನ ನನಗ ಅಂಜಿಕಿ ಬರತೈತ್ರಿ.” ಅದಕ್ಕೆ ನಾನು ನಗುತ್ತೇನೆ. “ಇನ್ನೊಮ್ಮಿ ಜಗ್ಗ್ರಿ ಅಕ್ಕಾರ, ಹತ್ತತೈತಿ.”

ರೆಕಾರ್ಡಿಂಗ್‌ನ ತಾರೀಖನ್ನು ಶಾಂತವ್ವ ತೋರಿಸಿದ ದವಾಖಾನೆಯ ಚೀಟಿಯ ಜೊತೆ ಹೋಲಿಸಿದೆ. ಕೈ ಸುಡುವುದಕ್ಕೆ ಹನ್ನೊಂದು ದಿನ ಮೊದಲಿನದು.