ಆರು ಪದ, ಮುನ್ನೂರು ಪ್ರತಿ

ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಸೊನ್ನೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಪಾಠ ಹೇಳಿದವರೇನಲ್ಲ, ಮೂವತ್ತೊಂದು ವರ್ಷ ಕರಡು ತಿದ್ದಿದವರು. ಅಕ್ಷರದ ಪಕ್ಕದ ಒಂದು ಸೊನ್ನೆ ಬಿಟ್ಟುಹೋಗಿದ್ದರೂ ಅವರ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಮೇಷ್ಟ್ರ ಕೈಗೆ ಮದುವೆಯ ಕರೆಯೋಲೆ ಕೊಟ್ಟರೂ ಮೊದಲು ಕೆಂಪು ಪೆನ್ನು ಹೊರಗೆ ಬರುತ್ತದೆ, ಆಮೇಲೆ ಶುಭಾಶಯ ಎಂದು ಬೈಂಡರ್ ನಗುತ್ತಿದ್ದ. ಹೇಳಿದ್ದನ್ನೇ ಹೇಳುವವರನ್ನು ಕಂಡರೆ ಮಾತ್ರ ಅವರಿಗೆ ಆಗುತ್ತಿರಲಿಲ್ಲ.

ಅವರು ಕೆಲಸ ಬಿಡುವ ಎರಡು ವರ್ಷ ಮುಂಚೆ ನಿವೃತ್ತ ನರ್ಸ್ ಒಬ್ಬರು ತಮ್ಮ ಕವಿತೆಗಳನ್ನು ಅಚ್ಚಿಗೆ ತಂದರು. ಕರಡು ನೋಡಿ, ಒಪ್ಪಿ, ಸಹಿ ಹಾಕಿ ಹೋದರು. ಯಂತ್ರಕ್ಕೆ ಹೋಗುವ ಮುಂಚೆ ಕಡೆಯ ಸಲ ಕಣ್ಣಾಡಿಸುವಾಗ ಮೇಷ್ಟ್ರಿಗೆ ಒಂದು ಕವಿತೆ ಕಣ್ಣಿಗೆ ಚುಚ್ಚಿತು. ಸಾಲುಗಳ ಕೊನೆಗೆ ಬರೀ ಆರೇ ಪದ: ಬಾಗಿಲು, ನೀರು, ಕೈ, ಹೆಸರು, ಬೆಳಗು, ಬಿಳಿ. ಪುಟ ತಿರುಗಿಸಿದರೂ ಅವೇ. ಪಾಪ, ಈ ತಾಯಿಗೆ ಪದಗಳೇ ಸಾಲದೆ ಹೋಗಿವೆ ಎಂದುಕೊಂಡು, ಒಳ್ಳೆಯ ಮನಸ್ಸಿನಿಂದಲೇ ಒಂದು ಕಡೆ ಬಾಗಿಲನ್ನು ಕದ ಮಾಡಿದರು, ಇನ್ನೊಂದು ಕಡೆ ನೀರನ್ನು ಜಲ ಮಾಡಿದರು, ಕೈಯನ್ನು ಹಸ್ತ ಮಾಡಿದರು. ಒಟ್ಟು ಒಂಬತ್ತು ತಿದ್ದುಪಡಿ. ಯಾರನ್ನೂ ಕೇಳಲಿಲ್ಲ. ಅವರು ತಿದ್ದಿದ್ದನ್ನು ಮತ್ತೆ ನೋಡುವವರು ಯಾರೂ ಇರಲಿಲ್ಲ.

ಮುನ್ನೂರು ಪ್ರತಿ ಹೊಲಿಗೆಯಾಗಿ ರಟ್ಟು ಕಟ್ಟಿಸಿಕೊಂಡ ಮೇಲೆ ನರ್ಸಮ್ಮ ಬಂದರು. ನಿಂತಲ್ಲೇ ಒಂದು ಪ್ರತಿ ತೆರೆದರು. ಕಿರುಚಾಡಲಿಲ್ಲ. ಮೇಷ್ಟ್ರ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತು, ಕಾಗದವನ್ನು ಆರು ಚೂರು ಮಾಡಿ, ಒಂದೊಂದರ ಮೇಲೆ ಒಂದೊಂದು ಪದ ಬರೆದು, ಒಂದರ ಕೆಳಗೊಂದು ಜೋಡಿಸಿದರು.

"ಇದಕ್ಕೆ ಸೆಸ್ಟಿನಾ ಅಂತಾರೆ ಮೇಷ್ಟ್ರೇ. ಆರು ಸಾಲಿನ ಆರು ಪದ್ಯ. ಮೊದಲನೇ ಪದ್ಯದ ಸಾಲುಗಳು ಈ ಆರು ಪದದಲ್ಲಿ ಮುಗಿದವು ಅಂದ್ಕೊಳ್ಳಿ. ಎರಡನೇದರಲ್ಲಿ ಕಟ್ಟಕಡೇದು ಮೇಲಕ್ಕೆ ಬರುತ್ತೆ, ಮೊದಲನೇದು ಅದರ ಕೆಳಗೆ. ಆಮೇಲೆ ಉಳಿದಿದ್ದರಲ್ಲಿ ಕೆಳಗಿಂದ ಒಂದು, ಮೇಲಿಂದ ಒಂದು."

ಮೇಷ್ಟ್ರು ತಾವೇ ಚೂರುಗಳನ್ನು ಸರಿಸಿದರು. ಮೂರನೇ ಪದ್ಯಕ್ಕೆ ಸರಿಸಿದರು, ನಾಲ್ಕಕ್ಕೆ, ಐದಕ್ಕೆ, ಆರಕ್ಕೆ. ಪ್ರತಿಯೊಂದು ಪದವೂ ಆರೂ ಜಾಗದಲ್ಲಿ ಒಂದೊಂದು ಸಲ ಕೂತು ಎದ್ದಿತ್ತು. ಇನ್ನೊಮ್ಮೆ ಸರಿಸಿದರೆ ಮೊದಲಿದ್ದ ಜೋಡಣೆಯೇ ಬಂತು.

"ಅಲ್ಲಿಗೆ ನಿಲ್ಲಿಸ್ತೀವಿ," ಎಂದರು ನರ್ಸಮ್ಮ. "ಕೊನೆಗೆ ಮೂರೇ ಸಾಲು. ಸಾಲಿಗೆ ಎರಡರಂತೆ ಆರೂ ಪದ ಅದರೊಳಗೆ ಬರಬೇಕು."

"ಬೇರೆ ಪದ ಹಾಕಿದರೆ ಏನಾಗುತ್ತೆ ಅಮ್ಮಾ?" ಎಂದು ಮೇಷ್ಟ್ರು ಕೇಳಿದರು. ವಾದಕ್ಕಲ್ಲ, ತಿಳಿಯದೆ.

"ನಮ್ಮಕ್ಕ ನಾನು ಕೆಲಸ ಮಾಡ್ತಿದ್ದ ವಾರ್ಡಲ್ಲೇ ಹೋದಳು. ದಿನಾ ಅದೇ ಬಾಗಿಲು ತೆಗೀಬೇಕಿತ್ತು ನಾನು. ಅದು ಒಂದು ದಿನವೂ ಕದ ಆಗಲಿಲ್ಲ."

ಮೇಷ್ಟ್ರ ಮುಖ ಇಳಿದುಹೋಯಿತು. ನೇರವಾಗಿ ಯಜಮಾನರ ಕೋಣೆಗೆ ಹೋಗಿ ತಪ್ಪು ತಮ್ಮದೆಂದು ಒಪ್ಪಿಕೊಂಡರು. ಕವಿತೆ ಒಂದೇ ಹಾಳೆಯ ಎರಡು ಬದಿಯಲ್ಲಿತ್ತು. ಆ ಹಾಳೆಯನ್ನು ಮತ್ತೆ ಅಚ್ಚು ಹಾಕಿಸಿಕೊಟ್ಟರೆ ಮುನ್ನೂರು ಪ್ರತಿಗೂ ತಾವೇ ಅಂಟಿಸುವುದಾಗಿ ಹೇಳಿದರು. ಬೈಂಡರ್ ಸಹಾಯಕ್ಕೆ ಬಂದಾಗ ಬೇಡ ಎಂದರು.

ಒಂಬತ್ತು ದಿನ ಹಿಡಿಯಿತು. ಹಳೆಯ ಹಾಳೆಯನ್ನು ಹೊಲಿಗೆಯ ಹತ್ತಿರ ಉಗುರಗಲ ಬಿಟ್ಟು ಕತ್ತರಿಸುವುದು, ಆ ಅಂಚಿಗೆ ಅಂಟು ಸವರುವುದು, ಹೊಸದನ್ನು ಕೂರಿಸಿ ಒತ್ತುವುದು. ಓದದೆ ಅಂಟಿಸುವುದು ಅವರ ಜಾಯಮಾನವಲ್ಲ. ಮೊದಲ ದಿನ ಎಣಿಸುತ್ತಾ ಓದಿದರು, ಪದಗಳು ಸರಿಯಾದ ಜಾಗದಲ್ಲಿವೆಯೇ ಎಂದು. ನಾಲ್ಕನೆಯ ದಿನದ ಹೊತ್ತಿಗೆ ಎಣಿಕೆ ಬಿಟ್ಟುಹೋಯಿತು. ಮೊದಲ ಪದ್ಯದ ನೀರು ಅಕ್ಕ ಕೇಳಿದ ನೀರು. ಮೂರನೆಯದರಲ್ಲಿ ಅದು ನೆಲ ಒರೆಸುವ ನೀರು. ಐದನೆಯದರಲ್ಲಿ ಕೊಡದೆ ಉಳಿದ ಲೋಟದ ನೀರು. ಬರೆದವರು ಆ ಲೋಟದ ಮಾತನ್ನು ಮೊದಲ ಪದ್ಯದಲ್ಲೇ ಹೇಳಲಾರದೆ ಹೋಗಿದ್ದರು. ಅಲ್ಲಿಗೆ ತಲುಪಲು ಅಷ್ಟು ಸುತ್ತು ಬೇಕಾಗಿತ್ತು. ಮೇಷ್ಟ್ರು ಕತ್ತರಿ ಕೆಳಗಿಟ್ಟರು. ಅವರಿಗೆ ಹೆಂಡತಿಯ ನೆನಪಾಗಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಹನ್ನೊಂದನೆಯ ವಯಸ್ಸಿನಲ್ಲಿ ಜ್ವರ ಬಂದು ಎರಡೇ ದಿನದಲ್ಲಿ ತೀರಿಕೊಂಡಿದ್ದಳು. ಜ್ವರ ಹತ್ತಿದ ಆ ಬೆಳಗಿನ ಮಾತನ್ನು ಹೆಂಡತಿ ಆಡುತ್ತಲೇ ಇದ್ದಳು. ಒಂದು ಜಡೆ ಹಾಕಿಯಾಗಿತ್ತು, ಇನ್ನೊಂದು ಹಾಕುವಷ್ಟರಲ್ಲಿ ಮಗು ತಲೆನೋವು ಎಂದಿತು. ತಲೆನೋವಿನವರೆಗೆ ಬರುವಷ್ಟರಲ್ಲಿ ಮೇಷ್ಟ್ರು ತಡೆಯುತ್ತಿದ್ದರು: ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತೀಯಾ. ಬರಬರುತ್ತಾ ಆಕೆ ಅದನ್ನು ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳಿಕೊಳ್ಳತೊಡಗಿದ್ದಳು. ಮೇಷ್ಟ್ರ ಮನಸ್ಸಿನಲ್ಲೂ ಒಂದು ಮುಳ್ಳಿತ್ತು. ಬೆಳಿಗ್ಗೆಯೇ ಹುಷಾರಿಲ್ಲದ ಮಗಳ ಸುದ್ದಿಯನ್ನು ಪ್ರೆಸ್ಸಿಗೆ ಸಂಜೆಯವರೆಗೆ ಆಕೆ ಯಾಕೆ ಹೇಳಿಕಳಿಸಲಿಲ್ಲ ಎಂದು. ಅದನ್ನು ಅವರು ಬಾಯಿಬಿಟ್ಟು ಕೇಳಿರಲಿಲ್ಲ, ಮರೆತೂ ಇರಲಿಲ್ಲ.

ಆ ಸಂಜೆ ಮನೆಗೆ ಹೋಗಿ ಕಾಲು ತೊಳೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು.

"ಅವತ್ತು ಬೆಳಿಗ್ಗೆ ಏನಾಯ್ತು ಹೇಳು," ಎಂದರು.

ಆಕೆ ಗಾಬರಿಯಿಂದ ನೋಡಿದಳು. ಆಮೇಲೆ ಎಂದಿನಂತೆ ಜಡೆಯಿಂದ ಶುರುಮಾಡಿದಳು. ಮೇಷ್ಟ್ರು ತಡೆಯಲಿಲ್ಲ. ಜಡೆ ಆಯಿತು, ತಲೆನೋವು ಆಯಿತು, ಹಾಸಿಗೆ ಹಾಸಿದ್ದಾಯಿತು. ಮತ್ತೆ ಜಡೆಗೇ ಬಂದಳು. ಇನ್ನೂ ಹೆಣೆಯದ ಕೂದಲನ್ನು ಹಾಗೇ ಹಿಡಿದುಕೊಂಡು ಮಗು ತನ್ನ ಕಡೆ ತಿರುಗಿತು ಎಂದಳು. ಅಲ್ಲಿಗೆ ಚಾಕು ನಿಂತಿತು.

"'ಅಪ್ಪಂಗೆ ಹೇಳಬೇಡಮ್ಮ, ಕೆಲಸ ಬಿಟ್ಟು ಓಡಿಬರ್ತಾರೆ' ಅಂದಳು ರೀ. ಅದಕ್ಕೇ ಹೇಳಿಕಳಿಸಲಿಲ್ಲ. ಮಗು ಮಾತು ನಂಬಿಬಿಟ್ಟೆ."

ಮೇಷ್ಟ್ರು ಎದ್ದು ಹೋಗಿ ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಿನ್ನ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ ಎಂದು ಒಪ್ಪಿಕೊಂಡರು. ಗೊತ್ತಿತ್ತು ಎಂದಳು ಆಕೆ. ಇಬ್ಬರೂ ಅತ್ತರು. ತರಕಾರಿ ಅರ್ಧಕ್ಕೇ ಉಳಿಯಿತು.

ಉಳಿದ ಪ್ರತಿಗಳನ್ನು ಮೇಷ್ಟ್ರು ಆ ವಾರವೇ ಮುಗಿಸಿ ನರ್ಸಮ್ಮನ ಮನೆಗೆ ತಾವೇ ತಲುಪಿಸಿ ಬಂದರು. ಕೆಲಸದಲ್ಲಿದ್ದ ಇನ್ನೆರಡು ವರ್ಷ, ಒಂದೇ ಪದ ಎರಡು ಸಲ ಬಂದ ಕಡೆ ಗೆರೆ ಎಳೆಯದೆ ಬರೆದವರಿಗೆ ಫೋನು ಮಾಡಿ ಕೇಳುತ್ತಿದ್ದರು. ಮನೆಯಲ್ಲಿ ಮಗಳ ಮಾತು ಈಗ ವಾರಕ್ಕೆರಡು ಸಲವಾದರೂ ಬರುತ್ತದೆ. ಕೆಲವೊಮ್ಮೆ ಮೇಷ್ಟ್ರೇ ಶುರುಮಾಡುತ್ತಾರೆ.